ಕೊಂಡವಾಡದ ಬಾಗಿಲಲ್ಲಿ ಅಕ್ಕ

ಲಿಲಾವಿನ ದಿನ ನಾನು ಬಾಯಿ ತೆರೆಯಲಿಲ್ಲ. ಒಂದು ಸವಾಲು ಕೂಗಿದ್ದರೆ ಸಾಕಿತ್ತು. ಅದಕ್ಕೂ ಮೊದಲು ಪಂಚಾಯ್ತಿಯ ಶಿಪಾಯಿಯ ಹತ್ತಿರ ಹೋಗಿ, ನನ್ನದೇನೂ ತಕರಾರಿಲ್ಲ, ಬಿಟ್ಟುಬಿಡು ಎಂದಿದ್ದರೂ ಸಾಕಿತ್ತು. ಅಕ್ಕನ ಆಕಳು ಯಾರೂ ಹಗ್ಗ ಹಿಡಿಯದೆ ತಾನೇ ನಡೆದು ಅಕ್ಕನ ಬಾಗಿಲಿಗೆ ಹೋಗುತ್ತಿತ್ತು. ನಾನು ಹೇಳಲಿಲ್ಲ. ಆಮೇಲೆ ಅಕ್ಕನ ಎದುರಿಗೆ ಕುಳಿತು ತಪ್ಪಾಯಿತು ಎನ್ನುವುದಕ್ಕೆ ವರ್ಷಗಟ್ಟಲೆ ಸಮಯವಿತ್ತು. ಅದನ್ನೂ ಅನ್ನಲಿಲ್ಲ. ಈಗ ಅವಳಿಲ್ಲ. ನಾನು ಓದಿದ್ದು ಐದನೆಯ ಇಯತ್ತೆಯವರೆಗೆ. ಬರೆಯುವ ರೂಢಿ ಇಲ್ಲ. ಆದರೂ ಅವಳು ಎಂಥವಳಿದ್ದಳು ಎಂಬುದನ್ನು ನಾನು ಹೇಳದಿದ್ದರೆ ಇನ್ನು ಹೇಳುವವರು ಯಾರೂ ಉಳಿದಿಲ್ಲ.

ನಮ್ಮೂರು ಹಾನಗಲ್ಲ ತಾಲೂಕಿನ ಅಂಚಿನಲ್ಲಿದೆ. ಊರ ಹೊರಗೆ ಹಳ್ಳದ ದಾರಿಗೆ ಕೊಂಡವಾಡ ಇತ್ತು. ನಾಲ್ಕು ಕಡೆ ಎದೆಯೆತ್ತರದ ಕಲ್ಲಿನ ಗೋಡೆ, ಮೇಲೆ ಸೂರಿಲ್ಲ, ಒಂದು ಕಟ್ಟಿಗೆಯ ಬಾಗಿಲು, ಒಳಗೆ ನೀರಿಗೊಂದು ಕಲ್ಲಿನ ಬಾನಿ. ಒಬ್ಬರ ದನ ಇನ್ನೊಬ್ಬರ ಬೆಳೆ ಮೇಯ್ದರೆ ಬೆಳೆ ಕಳೆದುಕೊಂಡವನು ಅದನ್ನು ಹೊಡೆದುಕೊಂಡು ಹೋಗಿ ಅಲ್ಲಿ ಹಾಕುತ್ತಿದ್ದ. ಶಿಪಾಯಿ ಕೀಲಿ ಹಾಕುತ್ತಿದ್ದ. ದನದ ಒಡೆಯ ಪಂಚಾಯ್ತಿಗೆ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು; ಇಲ್ಲವೆ ಹಾಕಿದವನೇ ಬಂದು ತಕರಾರು ಹಿಂದಕ್ಕೆ ತೆಗೆದುಕೊಳ್ಳಬೇಕು. ಯಾರೂ ಬರದಿದ್ದರೆ ಲಿಲಾವು, ಅಂದರೆ ಹರಾಜು. ಕಾಯಿದೆ ಇಷ್ಟೇ. ಆದರೆ ಊರಲ್ಲಿ ಅದರ ತೂಕ ಬೇರೆ. ಒಬ್ಬರ ದನವನ್ನು ಕೊಂಡವಾಡಕ್ಕೆ ಹಾಕುವುದೆಂದರೆ ಅವರ ಮನೆಯವರನ್ನು ಪೊಲೀಸರಿಗೆ ಹಿಡಿದುಕೊಟ್ಟ ಹಾಗೆ. ಅದರಿಂದ ಮಾತು ಬಿಟ್ಟ ಮನೆಗಳಿವೆ, ಮುರಿದ ಮದುವೆಗಳಿವೆ. ಒಡಹುಟ್ಟಿದವರ ದನವನ್ನು ಹಾಕಿದವರು ನನಗೆ ತಿಳಿದ ಮಟ್ಟಿಗೆ ನಮ್ಮೂರಲ್ಲಿ ಯಾರೂ ಇರಲಿಲ್ಲ. ನಾನು ಹಾಕುವವರೆಗೆ.

ಅಕ್ಕ ಎತ್ತರದ ಹೆಂಗಸು. ಗಂಡಸರ ಹಾಗೆ ದೊಡ್ಡ ಹೆಜ್ಜೆ ಹಾಕಿ ನಡೆಯುತ್ತಿದ್ದಳು. ಸಣ್ಣವನಿದ್ದಾಗ ನನ್ನನ್ನು ಟೊಂಕದ ಮೇಲೆ ಕೂಡಿಸಿಕೊಂಡೇ ಸೆಗಣಿ ಬಳಿಯುತ್ತಿದ್ದಳಂತೆ. ಅವಳು ಮೂರನೆಯ ಇಯತ್ತೆಗೆ ಸಾಲೆ ಬಿಟ್ಟದ್ದು ನನ್ನನ್ನು ಹೊರುವ ಸಲುವಾಗಿಯೇ. ಅದನ್ನು ಅವಳು ಹೇಳಿ ತೋರಿಸುತ್ತಿರಲಿಲ್ಲ, ಚೇಷ್ಟೆ ಮಾಡುತ್ತಿದ್ದಳು. "ನೀ ಅಷ್ಟ ದಪ್ಪ ಇದ್ದೀಲೇ ತಮ್ಮಾ, ನಿನ್ನ ಹೊತಗೊಂಡು ಸಾಲೀಗೆ ಹೋದ್ರ ಮಾಸ್ತರ ಇಬ್ಬರದೂ ಪಟ್ಟಿ ಕೇಳ್ತಿದ್ರು" ಎನ್ನುತ್ತಿದ್ದಳು. ಊಟ ಮಾಡುವಾಗ ಕೂಡುತ್ತಿರಲಿಲ್ಲ. ರೊಟ್ಟಿಯನ್ನು ಅಂಗೈ ಮೇಲೆ ಇಟ್ಟುಕೊಂಡು, ಮೇಲೆ ಪಲ್ಯ ಹಾಕಿಕೊಂಡು, ಬಾಗಿಲಲ್ಲಿ ನಿಂತು ಹೋಗುವವರನ್ನು ಬರುವವರನ್ನು ಮಾತಾಡಿಸುತ್ತಲೇ ಮುಗಿಸುತ್ತಿದ್ದಳು.

ಅವಳನ್ನು ಹಂಸಭಾವಿಗೆ ಕೊಟ್ಟಿದ್ದೆವು. ಅಪ್ಪ ಬಳುವಳಿಯಾಗಿ ಒಂದು ಕರು ಕೊಟ್ಟಿದ್ದ. ಭಾವ ಬಹಳ ದಿನ ಬಾಳಲಿಲ್ಲ, ಮಕ್ಕಳಾಗಲಿಲ್ಲ. ಅಕ್ಕ ಒಂದು ದಿನ ತಿರುಗಿ ಬಂದಳು. ಬಸ್ಸಿಗೆ ಬರಲಿಲ್ಲ, ಆ ಬಳುವಳಿ ಆಕಳ ಹೊಟ್ಟೆಯಲ್ಲಿ ಹುಟ್ಟಿದ ಮಣಕವನ್ನು ಹಗ್ಗ ಹಿಡಿದು ನಡೆಸಿಕೊಂಡು ಬಂದಳು. ಅಪ್ಪ ಬಾಗಿಲಲ್ಲಿ ನಿಂತು ಅಳುತ್ತಿದ್ದ. ಅಕ್ಕ, "ಅಳಬ್ಯಾಡಪ್ಪಾ, ಮೊದಲ ಇದಕ್ಕ ನೀರ ಇಡು. ನನಗಿಂತ ಇದಕ್ಕ ಭಾಳ ದಣಿವಾಗೇತಿ" ಎಂದಳು. ಹಂಸಭಾವಿಯಿಂದ ಬಂದದ್ದಕ್ಕೆ ಆ ಆಕಳಿಗೆ ಹಂಸಭಾವಿ ಎಂದೇ ಹೆಸರಾಯಿತು.

ಅಪ್ಪ ಅದರ ಹಗ್ಗ ಹಿಡಿದುಕೊಂಡು ದಿನಾ ನಮ್ಮ ಹೊಲದ ಬದುವಿನ ಮೇಲೆ ಮೇಯಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಹೊಲ ನನ್ನ ಹೆಸರಿಗೆ ಆಯಿತು. ಅಕ್ಕ ತಾನಾಗಿಯೇ ಸಹಿ ಮಾಡಿ ಹಕ್ಕು ಬಿಟ್ಟುಕೊಟ್ಟಳು. ಹಿತ್ತಿಲಿನ ಕೋಣೆ ಒಂದನ್ನು ಮಾತ್ರ ಕೇಳಿ ಅಲ್ಲಿ ಬೇರೆ ಒಲೆ ಹೂಡಿದಳು. ಜಗಳವಾಗಿ ಅಲ್ಲ. "ನಿನ್ನ ಹೇಣ್ತಿ ಮಾಡಿದ ಅಡಗಿಗೆ ನಾ ಉಪ್ಪ ನೋಡ್ಕೋತ ಕುಂದ್ರಾಕ ಒಲ್ಲೆ. ಆಕೀಗೂ ಆರಾಮ, ನನಗೂ ಆರಾಮ" ಎಂದಿದ್ದಳು. ಹಾಗೆ ನಮ್ಮ ನಡುವೆ ಒಂದು ಗೋಡೆ, ಒಂದು ಬಾಗಿಲು ಇದ್ದವು. ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು.

ನಾನು ಹೊಲಕ್ಕೆಲ್ಲ ಗೋವಿನಜೋಳ ಹಾಕತೊಡಗಿದೆ. ಆಕಳಿಗೆ ಇದು ಹೇಗೆ ತಿಳಿಯಬೇಕು? ಹಗ್ಗ ಬಿಚ್ಚಿದರೆ ಅದು ಅಪ್ಪ ನಡೆಸಿದ ದಾರಿಯಲ್ಲೇ ಹೋಗಿ ಅದೇ ಬದುವಿನ ಮೇಲೆ ನಿಲ್ಲುತ್ತಿತ್ತು. ಒಂದೆರಡು ಸಾಲು ಬಾಯಿ ಹಾಕುತ್ತಿತ್ತು. ನಾನು ಹೊಡೆದು ಕಳಿಸುತ್ತಿದ್ದೆ. ಅಷ್ಟಕ್ಕೇ ಮುಗಿಯುತ್ತಿತ್ತು.

ಆ ಹಂಗಾಮಿನಲ್ಲಿ ಬದುವಿನಾಚೆಯ ಹೊಲದವರ ಎತ್ತುಗಳು ನನ್ನ ಬೆಳೆಗೆ ಇಳಿದವು. ಅವರು ವಯಸ್ಸಿನಲ್ಲಿ ಹಿರಿಯರು, ಕಾಕಾ ಎಂದು ಕರೆಯುತ್ತಿದ್ದೆ. ಬದುವಿನ ವಿಷಯಕ್ಕೆ ನಮ್ಮಲ್ಲಿ ಮೊದಲೇ ಸಿಟ್ಟಿತ್ತು. ಹಿಂದೆ ಮುಂದೆ ನೋಡದೆ ಎತ್ತುಗಳನ್ನು ಕೊಂಡವಾಡಕ್ಕೆ ಹಾಕಿದೆ. ಅವರು ದಂಡ ಕಟ್ಟಿ ಬಿಡಿಸಿಕೊಂಡು ಹೋದರು. ಆಗ ಏನೂ ಅನ್ನಲಿಲ್ಲ. ಸ್ವಲ್ಪ ದಿನಗಳಾದ ಮೇಲೆ ಚಾದಂಗಡಿಯಲ್ಲಿ ಎಲ್ಲರೂ ಕುಳಿತಾಗ ಹಿಡಿದರು.

"ಏನಪಾ, ನಮ್ಮ ಎತ್ತ ಬಾಯಿ ಹಾಕಿದ್ರ ನಿನ್ನ ಬೆಳಿ ಹಾಳಾಕ್ಕೇತಿ. ನಿಮ್ಮ ಅಕ್ಕನ ಆಕಳ ಬಾಯಿ ಹಾಕಿದ್ರ ಏನ್ ಚಿಗೀತೇತೇನ?"

"ಹಂಗಲ್ಲ ಕಾಕಾ..."

"ಮತ್ತ ಹ್ಯಾಂಗ? ಅದರ ಬಾಯಾಗ ಹಲ್ಲಿಲ್ಲೇನ? ಈಗ ಹೋಗಿ ನೋಡು, ಬದುವಿನ ಮ್ಯಾಲ ನಿಂತು ನಿನ್ನ ದಾರಿ ಕಾಯಾಕತ್ತೈತಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಒಬ್ಬ, "ಅದು ಪಾಲು ಕೇಳಾಕ ಬಂದಿರಬೇಕು ಬಿಡ್ರಿ" ಎಂದ. ನಗು ಇನ್ನೂ ಜೋರಾಯಿತು. ನಾನು ಕುಡಿಯುತ್ತಿದ್ದ ಚಹಾ ಬಿಟ್ಟು ಎದ್ದೆ. ಎಲ್ಲರಿಗೂ ಒಂದೇ ನ್ಯಾಯ ಮಾಡುವವನು ನಾನು ಎಂದು ತೋರಿಸಬೇಕಿತ್ತು. ನೆಟ್ಟಗೆ ಹೊಲಕ್ಕೆ ಹೋದೆ. ಹಂಸಭಾವಿ ನನ್ನನ್ನು ಕಂಡು ತಾನೇ ಹತ್ತಿರ ಬಂತು. ಅದನ್ನು ಹೊಡೆದುಕೊಂಡು ಚಾದಂಗಡಿಯ ಮುಂದಿನಿಂದಲೇ, ಎಲ್ಲರಿಗೂ ಕಾಣುವ ಹಾಗೆ, ಕೊಂಡವಾಡಕ್ಕೆ ನಡೆಸಿದೆ.

ಮನೆಗೆ ಬಂದರೆ ಹೆಂಡತಿಗೆ ಸುದ್ದಿ ಮುಟ್ಟಿತ್ತು. "ಅದು ಯಾರ ಆಕಳಾರಿ? ಕಣ್ಣ ಕಾಣೂದಿಲ್ಲೇನ ನಿಮಗ? ಊರ ಮಂದಿ ಏನಂದಾರು?" ಎಂದಳು.

"ಊರ ಮಂದಿ ಸಲುವಾಗೇ ಹಾಕೇನಿ" ಎಂದೆ.

"ಹಂಗಾರ ಊರ ಮಂದೀನ ಉಣ್ಣಾಕ ಕರೀರಿ" ಎಂದು ತಾಟು ಕೆಳಗಿಟ್ಟು ಒಳಗೆ ಹೋದಳು.

ಅಕ್ಕ ಕೊಂಡವಾಡದ ಬಾಗಿಲಿಗೆ ಹೋಗಿ, ಯಾರು ಹಾಕಿದ್ದು ಎಂದು ಶಿಪಾಯಿಯನ್ನು ಕೇಳಿದಳಂತೆ. ನಿಮ್ಮ ತಮ್ಮ ಎಂದನಂತೆ. ಅವಳು, "ಹಂಗಾದ್ರ ಚಿಂತಿಲ್ಲ ಬಿಡು. ಅವನ ಬಂದು ಬಿಡಸ್ತಾನ" ಎಂದಳಂತೆ. ಇದನ್ನು ಶಿಪಾಯಿಯೇ ನನಗೆ ಹೇಳಿದ್ದು, ಅದೇ ಸಂಜೆ. ನಾನು ಮರುದಿನವೇ ಹೋಗಬಹುದಿತ್ತು. ಆದರೆ ನನ್ನ ತಲೆಯಲ್ಲಿ ಬೇರೆ ಲೆಕ್ಕವಿತ್ತು. ಅಕ್ಕ ನನ್ನ ಹತ್ತಿರ ಬಂದು, ತಮ್ಮಾ ಬಿಡಸಪಾ ಎಂದು ಒಂದು ಮಾತು ಕೇಳಲಿ, ಆಗ ಹೋಗೋಣ ಎಂದು ಕುಳಿತೆ. ಅವಳು ಕೇಳಲಿಲ್ಲ. ದಂಡವನ್ನೂ ಕಟ್ಟಲಿಲ್ಲ. ತಾವು ಕಟ್ಟುತ್ತೇವೆ ಎಂದು ಓಣಿಯವರು ಮುಂದೆ ಬಂದರೆ, "ದಂಡಾ ಕಟ್ಟಿದ್ರ ಅದು ಕಳ್ಳ ದನ ಅಂತ ಒಪ್ಪಿದಂಗ ಆತು. ಅದು ಕಳವು ಮಾಡಿಲ್ಲ. ಅಪ್ಪ ತೋರ್ಸಿದ ಜಾಗಾಕ್ಕ ಹೋಗೇತಿ. ನನ್ನ ತಮ್ಮಗ ಅದು ಗೊತ್ತೈತಿ" ಎಂದಳಂತೆ.

ದಿನಾ ಮುಂಜಾನೆ ಹುಲ್ಲಿನ ಹೊರೆ ಹೊತ್ತು ಅವಳು ಹಳ್ಳದ ದಾರಿ ಹಿಡಿಯುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಗೋಡೆಯ ಮೇಲಿಂದ ಹುಲ್ಲು ಹಾಕಿ, ಕೈ ಚಾಚಿ ಅದರ ಕೊರಳ ಕೆಳಗಿನ ಗಂಗೆದೊಗಲು ಕೆರೆಯುತ್ತ ನಿಂತುಬಿಡುತ್ತಿದ್ದಳಂತೆ. ನನ್ನ ಮನೆಯ ಮುಂದೆ ಹಾಯುವಾಗ ಒಮ್ಮೆಯೂ ಒಳಗೆ ಇಣುಕಲಿಲ್ಲ, ಹಾಗೆಂದು ಮುಖವನ್ನೂ ತಿರುಗಿಸಲಿಲ್ಲ. ನಾನು ಕಾಯುತ್ತ ಕುಳಿತೆ. ಅವಳೂ ಕಾಯುತ್ತಿದ್ದಳು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಗಡುವು ಮುಗಿದು ಡಂಗುರ ಸಾರಿದರು. ಲಿಲಾವಿಗೆ ನಾನು ಹೋದೆ. ನಾನೇ ಕೊಂಡು ಸುಮ್ಮನೆ ಅಕ್ಕನ ಹಿತ್ತಿಲಿಗೆ ಕಟ್ಟಿ ಬಂದರಾಯಿತು ಎಂದುಕೊಂಡೇ ಹೋದೆ. ಪಂಚಾಯ್ತಿಯ ಮುಂದೆ ಮಂದಿ ನೆರೆದಿತ್ತು. ಕಾಕಾ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ರಟ್ಟೀಹಳ್ಳಿ ಕಡೆಯ ದನದ ವ್ಯಾಪಾರಿ ಒಬ್ಬ ಸವಾಲು ಹಚ್ಚಿದ. ನಮ್ಮೂರವರು ಯಾರೂ ಮೇಲೆ ಕೂಗಲಿಲ್ಲ. ನಾನು ಕೂಗುತ್ತೇನೆಂದೇ ಎಲ್ಲರೂ ಬಿಟ್ಟಿದ್ದರು ಎಂದು ಈಗ ಅನಿಸುತ್ತದೆ. ಶಿಪಾಯಿ ಎರಡನೇ ಸಲ ಎಂದು ಕೂಗಿ ನಿಲ್ಲಿಸಿದ. ನನ್ನ ಕಡೆ ನೋಡಿದ. ಕಾಕಾನೂ ನೋಡಿದರು, ಮೀಸೆಯಲ್ಲೇ ನಕ್ಕರು. ನಾನೀಗ ಕೂಗಿದರೆ, ಒಂದು ಕೈಯಿಂದ ಹಾಕಿ ಇನ್ನೊಂದು ಕೈಯಿಂದ ಬಿಡಿಸಿಕೊಂಡ ಎಂದು ಚಾದಂಗಡಿಯಲ್ಲಿ ಮತ್ತೆ ನಗುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು. ನನ್ನ ಚಪ್ಪಲಿ ನೋಡುತ್ತ ನಿಂತೆ. ಶಿಪಾಯಿ ಬಹಳ ಹೊತ್ತು ಕಾದ. ಕೊನೆಗೆ ಮೂರನೇ ಸಲ ಎಂದ.

ಅಕ್ಕ ಲಿಲಾವಿಗೆ ಬರಲಿಲ್ಲ. ಕೊಂಡವಾಡದ ಬಾಗಿಲಲ್ಲಿ ನಿಂತಿದ್ದಳು. ವ್ಯಾಪಾರಿ ಹಗ್ಗ ಹಿಡಿದು ಹೊರಗೆ ಎಳೆದಾಗ ಅವನಿಗೆ ಹೇಳಿದಳಂತೆ: "ಎಡಕ್ಕ ಕುಂತು ಹಿಂಡು. ಬಲಕ್ಕ ಕುಂತ್ರ ಒದೀತೈತಿ. ಮಳ್ಯಾಗ ಕಟ್ಟಬ್ಯಾಡ, ಅಂಜತೈತಿ." ಅವನ ಟೆಂಪೋ ಹೋಗುವವರೆಗೂ ನಿಂತು ಅವಳು ತಿರುಗಿ ಬರುವಾಗ ದಾರಿಯಲ್ಲಿ ನಾನು ಎದುರಾದೆ. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಬದುಕುತ್ತಿದ್ದೆ. "ತಮ್ಮಾ, ಮನಿಗೆ ನಡಿ. ಮಳಿ ಬರೂ ಹಂಗ ಐತಿ" ಎಂದು ಮುಂದೆ ಹೋದಳು.

ಅದಾದ ಮೇಲೆ ಪಂಚಮಿ ಬಂತು. ಪ್ರತಿ ವರ್ಷ ಹಂಸಭಾವಿಯ ಹಾಲು ತಂದು ನಮ್ಮ ಮನೆಯ ನಾಗಪ್ಪನಿಗೆ ಅಕ್ಕನೇ ಮೊದಲು ಎರೆಯುತ್ತಿದ್ದಳು. ಆ ವರ್ಷ ಬರುವುದಿಲ್ಲ ಎಂದುಕೊಂಡೆವು. ಬಂದಳು. ಯಾರ ಮನೆಯಿಂದಲೋ ಕಡ ತಂದ ಹಾಲು ಗಿಂಡಿಯಲ್ಲಿತ್ತು. ಮಣ್ಣಿನ ನಾಗಪ್ಪನ ಮುಂದೆ ಕುಳಿತು ನಮ್ಮಲ್ಲಿ ಎರೆಯುವ ಹಾಗೆ ಒಬ್ಬೊಬ್ಬರ ಹೆಸರಿಗೆ ಎರೆಯತೊಡಗಿದಳು. "ದೇವರ ಪಾಲು. ಅಪ್ಪನ ಪಾಲು. ಅವ್ವನ ಪಾಲು." ಆಮೇಲೆ ನನ್ನದು ಬರಬೇಕು. ಅವಳ ಕೈ ತಡೆಯಲಿಲ್ಲ. "ತಮ್ಮನ ಪಾಲು" ಎಂದು ಎರೆದು, ನನ್ನ ಹೆಂಡತಿಗೆ, "ಉಂಡಿಗೆ ಬೆಲ್ಲ ಭಾಳ ಹಾಕೀಯೇನ? ನೋಡೂಣು ಕೊಡು" ಎಂದಳು. ತಪ್ಪಾಯಿತು ಎನ್ನಲು ಆ ದಿನ ಅವಳು ಮಾಡಿಕೊಟ್ಟ ದಾರಿ ಅದು. ನಾನು ಉಂಡಿ ಬಾಯಲ್ಲಿಟ್ಟುಕೊಂಡು ಸುಮ್ಮನೆ ಕುಳಿತೆ.

ಆಕಳು ಹೋದರೂ ಅಕ್ಕ ಕೊಂಡವಾಡಕ್ಕೆ ಹೋಗುವುದನ್ನು ಬಿಡಲಿಲ್ಲ. ಯಾರ ದನ ಬಿದ್ದಿದ್ದರೂ ಬಾನಿಗೆ ನೀರು ತುಂಬಿ, ಒಂದು ಸೂಡು ಹುಲ್ಲು ಹಾಕಿ ಬರುತ್ತಿದ್ದಳು. ಮನುಷ್ಯರಿಗೆಲ್ಲ ನೀ, ಬಾ ಎನ್ನುವವಳು ಆ ದನಗಳಿಗೆ ಮಾತ್ರ ಬಹುವಚನ. "ಬರ್ರಿ, ನೀರ ಕುಡೀರಿ. ಸಂಕೋಚ ಮಾಡಬ್ಯಾಡ್ರಿ." ಯಾಕಕ್ಕಾ ಹೀಗೆ ಎಂದು ಶಿಪಾಯಿ ನಕ್ಕರೆ, "ಮಂದಿ ಮನೀವು ಅವು. ಬೀಗರು ಇದ್ದಂಗ" ಎನ್ನುತ್ತಿದ್ದಳು. ಓಣಿಯ ಹೆಂಗಸರು ಅವಳನ್ನು ಕೊಂಡವಾಡದ ಸಾವಕಾರ್ತಿ ಎಂದು ಕಾಡುತ್ತಿದ್ದರು. ಅದಕ್ಕೆ ಅವಳು, "ಹೂಂ ಮತ್ತ, ನಿಮ್ಮ ಎಮ್ಮೀನೂ ಕಳಸ್ರಿ. ಕಾಲ ತೊಳದು ಒಳಗ ಕರಕೊಂತೇನಿ. ನಿಮ್ಮ ಮನ್ಯಾಗ ಅದಕ್ಕೇನ ಸುಖ ಐತಿ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಸವಣೂರಿನ ವೀಳ್ಯದೆಲೆ ವ್ಯಾಪಾರಿ ಒಬ್ಬರ ಗಾಡಿ ಎತ್ತು ಒಮ್ಮೆ ಹಗ್ಗ ಹರಿದುಕೊಂಡು ಯಾರದೋ ಹೊಲಕ್ಕೆ ನುಗ್ಗಿ ಕೊಂಡವಾಡ ಸೇರಿತ್ತು. ಅವರು ಹುಡುಕುತ್ತ ಬಂದು ಶಿಪಾಯಿಯ ಮೇಲೆ ಕೂಗಾಡುತ್ತಿದ್ದರು. ಅಕ್ಕ ನಡುವೆ ಹೋಗಿ, "ನಿನ್ನ ಎತ್ತ ನಿನಗಿಂತ ಶಾಣ್ಯಾ ಐತಿ. ಅದು ನೀರ ಕುಡದು ಸುಮ್ಮನ ನಿಂತೈತಿ. ನೀನೂ ಕುಡಿ" ಎಂದು ತಂಬಿಗೆ ಮುಂದೆ ಹಿಡಿದಳು. ಅವರು ನೀರು ಕುಡಿದು, ಎತ್ತಿನ ತುಂಬಿದ ಹೊಟ್ಟೆ ನೋಡಿ, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಈ ದಾರಿಗೆ ಬಂದಾಗಲೆಲ್ಲ ಎಲೆಯ ಕಟ್ಟು ಕೊಟ್ಟು ಹೋಗುತ್ತಿದ್ದರು. ಅಕ್ಕ ಎಲೆ ಹಾಕುತ್ತಿರಲಿಲ್ಲ. ಆ ಕಟ್ಟುಗಳನ್ನೆಲ್ಲ ನನಗೇ ತಂದು ಕೊಡುತ್ತಿದ್ದಳು. ನಾನು ಹಾಕಿಕೊಳ್ಳುತ್ತಿದ್ದೆ.

ನಾನು ಸುಮ್ಮನೆ ಕುಳಿತಿರಲಿಲ್ಲ. ಹಿರೇಕೆರೂರು, ರಟ್ಟೀಹಳ್ಳಿ, ಶಿಗ್ಗಾಂವಿ, ಎಲ್ಲಿ ದನದ ಸಂತೆ ನೆರೆದರೂ ಏನಾದರೊಂದು ನೆಪ ಹೇಳಿ ಅಕ್ಕನ ಆಕಳನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಒಂದು ಸಂತೆಯಲ್ಲಿ ಅದರ ಹಾಗೆಯೇ ಕೋಡು ಬಾಗಿದ ಆಕಳನ್ನು ಕಂಡು ಮೈಮರೆತು, ಹಂಸಭಾವೀ, ಹಂಸಭಾವೀ ಎಂದು ಕೂಗಿದೆ. ಆಕಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಪಕ್ಕದಲ್ಲಿದ್ದವನೊಬ್ಬ, "ಹಂಸಭಾವಿ ಬಸ್ಸು ಇಲ್ಲಿ ನಿಲ್ಲೂದಿಲ್ರಿ, ಸರ್ಕಲ್ಲಿಗೆ ಹೋಗ್ರಿ" ಎಂದ. ಹೂಂ ಎಂದು ಸರ್ಕಲ್ಲಿನವರೆಗೂ ನಡೆದು ಹೋಗಿ ಅಲ್ಲಿ ನಿಂತು ಅತ್ತೆ. ಇದನ್ನೆಲ್ಲ ಮಾಡಿದೆ. ಅಕ್ಕನಿಗೆ ಹೇಳಬೇಕಾದ ಒಂದು ಮಾತು ಹೇಳಲಿಲ್ಲ.

ಬರಬರುತ್ತ ಊರಲ್ಲಿ ದನಗಳು ಕಡಿಮೆಯಾದವು, ಟ್ರ್ಯಾಕ್ಟರು ಬಂದವು. ಕೊಂಡವಾಡದ ಗೋಡೆ ಕುಸಿಯಿತು, ಬಾಗಿಲು ಯಾರದೋ ಒಲೆಗೆ ಹೋಯಿತು. ಈಗ ಆ ಜಾಗದಲ್ಲಿ ಕುಡಿಯುವ ನೀರಿನ ಘಟಕ ಇದೆ. ಕೊಂಡವಾಡ ಎಂದರೆ ಇಂದಿನ ಹುಡುಗರಿಗೆ ಗೊತ್ತಿಲ್ಲ.

ಹೋದ ವರ್ಷ ಗೊಟಗೋಡಿಯಲ್ಲಿ ಜಾನಪದ ಓದುವ ಹುಡುಗಿಯೊಬ್ಬಳು ಸ್ಕೂಟಿಯ ಮೇಲೆ ಬಂದಳು. ದನಕರುಗಳ ಹಳೆಯ ಶಬ್ದಗಳನ್ನು ಕೂಡಿಸುತ್ತಿದ್ದಳು. ಅಕ್ಕನೂ ನಾನೂ ಕಟ್ಟೆಯ ಮೇಲೆ ಕುಳಿತಿದ್ದೆವು. ಹುಡುಗಿ ಅಕ್ಕನ ಪಕ್ಕದಲ್ಲಿ ಕುಳಿತು ಫೋನಿನಲ್ಲಿ ಮಾತು ಹಿಡಿಯತೊಡಗಿದಳು.

"ಅಜ್ಜೀ, ಕೊಂಡವಾಡ ಅಂತಾರಲ್ರಿ, ಆ ಶಬ್ದ ಎಲ್ಲಿಂದ ಬಂತು ಗೊತ್ತೇನ್ರಿ?"

"ಎಲ್ಲಿಂದರ ಬಂದಿರ್ಲಿ, ಬರಬಾರದಿತ್ತವ್ವಾ" ಎಂದಳು ಅಕ್ಕ.

ಹುಡುಗಿ ನಕ್ಕಳು. ಅದು ಮರಾಠಿಯಿಂದ ಬಂದದ್ದೆಂದೂ, ಮರಾಠಿಯಲ್ಲಿ ಕೋಂಡಣೆ ಎಂದರೆ ಒಳಗೆ ಹಾಕಿ ಮುಚ್ಚುವುದು, ವಾಡಾ ಎಂದರೆ ಸುತ್ತಲೂ ಗೋಡೆ ಇರುವ ಜಾಗವೆಂದೂ ತಿಳಿಸಿದಳು. ನಮ್ಮ ಸೀಮೆ ಮುಂಬಯಿ ಆಡಳಿತದಲ್ಲಿದ್ದಾಗ ಶಬ್ದ ಇಲ್ಲಿ ಬೇರೂರಿರಬೇಕು, ಮೈಸೂರು ಕಡೆ ಇದಕ್ಕೇ ದೊಡ್ಡಿ ಎನ್ನುತ್ತಾರೆ ಎಂದಳು. ಅಕ್ಕ ಸಾಲೆಯ ಹುಡುಗಿಯ ಹಾಗೆ ಕಣ್ಣರಳಿಸಿ ಕೇಳಿದಳು. "ಅಷ್ಟು ದೂರದಿಂದ ಬಂತೇನ ಅದು!" ಎಂದಳು.

"ಹಂಗಾರ ನಮ್ಮ ಮನೀ ದನದ ದಡ್ಡಿ, ಕೊಂಡವಾಡ ಎರಡೂ ಒಂದೇ ಏನ್ರಿ ಅಜ್ಜೀ? ಎರಡರಾಗೂ ದನಾ ಕೂಡಿ ಹಾಕ್ತಾರಲ್ಲ?"

ಅಕ್ಕ, "ಒಂದ ಹ್ಯಾಂಗ ಆಕ್ಕಾವವ್ವಾ. ದಡ್ಡಿ ಬಾಗಲಾ ಸಂಜಿಗೆ ಯಾರ ಹಾಕ್ತಾರ, ಮುಂಜಾನೆ ಅವರ ಬಂದು ತಗೀತಾರ. ಅದು ದನಕ್ಕ ಗೊತ್ತಿರತೈತಿ, ಅದಕ್ಕ ಆರಾಮ ಮಲಗತೈತಿ. ಕೊಂಡವಾಡದಾಗ ಹಾಕಿದಾಂವ ತಿರುಗಿ ಬರೂದಿಲ್ಲ. ಬಂದು ತಗದಿದ್ರ ಅದೂ ದಡ್ಡೀನ ಆಕ್ಕಿತ್ತು" ಎಂದಳು.

ಹುಡುಗಿ, "ನಿಮ್ಮ ದನಾನೂ ಯಾರರ ಹಾಕಿದ್ರೇನ್ರಿ?" ಎಂದು ಕೇಳಿದಳು.

ನಾನು ಅಲ್ಲೇ ಇದ್ದೆ. ಅಕ್ಕ ನನ್ನ ಕಡೆ ನೋಡಲಿಲ್ಲ. "ಎಲ್ಲಾರ ದನಾನೂ ಒಂದಿಲ್ಲೊಂದ ದಿನ ಹೋಗ್ಯಾವವ್ವಾ. ಯಾರ ಹಾಕಿದ್ರು, ಯಾರ ಬಿಡಸಿದ್ರು, ಯಾರಿಗೆ ನೆನಪೈತಿ. ಚಾ ಆರಾಕತ್ತೈತಿ, ಕುಡಿ" ಎಂದಳು. ಕಂಡವರ ಮುಂದೆ ನನ್ನ ಮಾನ ಹೋಗಬಾರದೆಂದು ಮರೆತವಳ ಹಾಗೆ ಮಾಡಿದಳು. ಯಾವ ಮಾನದ ಸಲುವಾಗಿ ನಾನು ಅವಳ ಆಕಳನ್ನು ಕಳೆದೆನೋ ಅದನ್ನೇ ಅವಳು ಕಾಯ್ದಳು.

ಹುಡುಗಿ ಹೋದ ಮೇಲೆ ಅಕ್ಕನ ಕೋಣೆಗೆ ಹೋದೆ. ಅಕ್ಕಾ ಎಂದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು. "ಏನಪಾ?" ಎಂದಳು. ಬಹಳ ಹೊತ್ತು ನೋಡುತ್ತ ಕಾದಳು. "ಏನಿಲ್ಲ, ಮಾಡು ಸೋರತೈತೇನ ಅಂತ ನೋಡಾಕ ಬಂದೆ" ಎಂದೆ. "ಸೋರೂದಿಲ್ಲ" ಎಂದು ಮತ್ತೆ ಮೊರಕ್ಕೆ ಕೈ ಹಾಕಿದಳು.

ಈ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಮುಂಜಾನೆ ನನ್ನ ಹೆಂಡತಿ ಚಹಾ ಕೊಡಲು ಹೋದವಳು ಕೂಗಿದಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಅಕ್ಕನನ್ನು ಮೀಯಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನ ಮಾಲೆ ಹಾಕಿ ಪಡಸಾಲೆಯಲ್ಲಿ ಕೂಡಿಸಿದರು. ಜೀವಮಾನದಲ್ಲಿ ಅವಳು ಅಷ್ಟು ಹೊತ್ತು ಕುಳಿತದ್ದನ್ನು ನಾನು ಕಂಡಿರಲಿಲ್ಲ. ಊರೆಲ್ಲ ಬಂದಿತ್ತು. ಭಜನೆಯವರು ಹಾಡುತ್ತಿದ್ದರು. ಮಣ್ಣಿಗೆ ಒಯ್ಯುವ ಹೊತ್ತಾಯಿತು, ಮನೆಯವರು ಕೊನೆಗೆ ಹೂವು ಹಾಕಿರಿ ಎಂದರು. ನಾನು ಎದುರಿಗೆ ಮೊಣಕಾಲೂರಿ ಕುಳಿತೆ. ಅವಳ ಮುಖ ನನ್ನ ಮುಖದ ಸರಿಸಮಕ್ಕಿತ್ತು.

ಹೂವು ಹಾಕಿ ಏಳಬೇಕಿತ್ತು. ಏಳಲಾಗಲಿಲ್ಲ. ಬಾಗಿಲ ಹತ್ತಿರ ಕೋಲೂರಿಕೊಂಡು ಕಾಕಾ ನಿಂತಿದ್ದರು. ಅವರ ಹಿಂದೆ, ಅಂದು ಚಾದಂಗಡಿಯಲ್ಲಿ ನಕ್ಕವರಲ್ಲಿ ಬದುಕಿ ಉಳಿದವರು. ಭಜನೆಯ ಸದ್ದಿನಲ್ಲಿ ನನ್ನ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಕೈ ಎತ್ತಿ, ತಾಳ ನಿಲ್ಲಿಸ್ರಿ ಎಂದೆ. ನಿಲ್ಲಿಸಿದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಅಕ್ಕಾ, ನಿನ್ನ ಆಕಳದ್ದು ಏನೂ ತಪ್ಪಿದ್ದಿಲ್ಲ. ಇವರೆಲ್ಲಾ ನಗ್ತಾರಂತ ಅಂಜಿ ನಾನ ಹಾಕಿದೆ, ಅಂಜೇ ಬಿಡಸಲಿಲ್ಲ. ತಪ್ಪು ನಂದು. ನಿನ್ನ ಹೊಟ್ಟಿಗೆ ಹಾಕ್ಕೋ ಅಕ್ಕಾ."